ಗೋಡೆ ತಟ್ಟುವ ಮೇಯರ್
ಬಾಗ್ಮತಿ ದಡದ ನಮ್ಮ ಪಟ್ಟಣದಲ್ಲಿ ಮೇಯರ್ ಸಾನುಕಾಜಿ ಬರುತ್ತಿದ್ದಾನೆಂದು, ಬೀದಿಯಲ್ಲಿ ಸೊಪ್ಪು ಮಾರುವ ನನಗೆ ಮೊದಲು ಕಿವಿಯಿಂದಲೇ ಗೊತ್ತಾಗುತ್ತಿತ್ತು. ಯಾವ ಪಕ್ಷಕ್ಕೂ ಸೇರದೆ, ಮದ್ದಳೆಯಂಥ ಮಾದಲ ಬಾರಿಸಿ ಹಾಡಿಯೇ ಚುನಾವಣೆ ಗೆದ್ದವನು; ಗೆದ್ದ ಮೇಲೂ ಅವನ ಬೆರಳು ಸುಮ್ಮನಿರಲಿಲ್ಲ. ಕಸದ ಡಬ್ಬಿ, ನಲ್ಲಿ, ಗುಮಾಸ್ತನ ಮೇಜು, ಕಡೆಗೆ ನನ್ನ ಮೂಲಂಗಿಯನ್ನೂ ತಟ್ಟಿ ನೋಡುವನು. "ಬೆಂಡಾಗಿದೆ ಅಜ್ಜಿ, ಮಾರಬೇಡ." "ನಿನ್ನ ತಲೆ ತಟ್ಕೊಂಡು ನೋಡೋಗು!" ಎಂದು ನಾನೂ ಬಿಡುತ್ತಿರಲಿಲ್ಲ. ಚರಂಡಿಯ ಮೇಲೆ ಕಟ್ಟಿದ ಗೋಡೆ ಕಂಡರೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿಗೊಟ್ಟು, "ತಾಳ ತಪ್ಪಿದೆ, ಕೆಡವ್ರೋ" ಎನ್ನುವನು. ಹಾಗೆ ಸಾಹುಕಾರನ ಹೋಟೆಲೂ ಬಿತ್ತು, ಮಂತ್ರಿಯ ಭಾವನ ಮಳಿಗೆಯೂ ಬಿತ್ತು. ಕೊನೆಗೆ ಉಳಿದದ್ದು ಅವನ ಅಪ್ಪ ಅಸ್ತಮಾನ್ ಮಾದಲಕ್ಕೆ ತೊಗಲು ಬಿಗಿಯುವ ಅಂಗಡಿ. ಸಾನುಕಾಜಿ ತಾಳ ಕಲಿತದ್ದು ಅಲ್ಲೇ. ಅಂದು ಆ ಗೋಡೆಯನ್ನು ಒಂದೇ ಸಲ ತಟ್ಟಿ, ಬಹಳ ಹೊತ್ತು ಕಿವಿಯಿಟ್ಟು ನಿಂತ. ಆಮೇಲೆ "ಕೆಡವಿ" ಅಂದದ್ದು ಪಕ್ಕದಲ್ಲೇ ಇದ್ದ ನನಗೂ ಸರಿಯಾಗಿ ಕೇಳಿಸಲಿಲ್ಲ. ಚರಂಡಿ ತೆರವಾಗಿ ಈ ಮಳೆಗಾಲದಲ್ಲಿ ನಮ್ಮ ಬೀದಿಗೆ ನೀರು ನುಗ್ಗಲಿಲ್ಲ. ನಮ್ಮಲ್ಲಿ ಹೆತ್ತವರು ತೀರಿಕೊಂಡರೆ ಮಕ್ಕಳು ಒಂದು ವರ್ಷ ವಾದ್ಯ ಮುಟ್ಟುವುದಿಲ್ಲ. ಅಂಗಡಿ ಬಿದ್ದಂದಿನಿಂದ ಅವನು ಮಾದಲವಿರಲಿ, ನನ್ನ ಮೂಲಂಗಿಯನ್ನೂ ತಟ್ಟಿಲ್ಲ. ಸಂಜೆ ಭಜನೆಗೆ ತಪ್ಪದೆ ಬರುತ್ತಾನೆ, ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂರುತ್ತಾನೆ. ಮುದುಕ ಅಸ್ತಮಾನ್ ದಿನವೂ ಮಾದಲವನ್ನು ಅವನ ಮುಂದಕ್ಕೆ ಸರಿಸಿ ಗೋಗರೆಯುತ್ತಾನೆ: "ನಾನಿನ್ನೂ ಬದುಕಿದ್ದೀನಲ್ಲೋ ಮಗನೇ, ಬಾರಿಸೋ."