ಕಿತ್ತ ಗಿಡಕ್ಕೆ ಬಂದ ಪಾತರಗಿತ್ತಿಗಳು

ನನ್ನ ಮೊಮ್ಮಗಳ ಫೋಟೊದಲ್ಲಿ ಪಾತರಗಿತ್ತಿಗಳು ಕೊನೆಗೂ ಕುಳಿತವು! ಒಂದೆರಡಲ್ಲ, ಮಸ್ತ್ ಅಂದರೆ ಮಸ್ತ್! ಅದಕ್ಕಿಂತ ದೊಡ್ಡ ಸುದ್ದಿಯೆಂದರೆ, ನಮ್ಮ ಹೊಲದ ಒಡ್ಡಿಗೆ ಕಳೆ ಸಾಯಿಸುವ ಎಣ್ಣೆ ಹೊಡೆಯುವುದಿಲ್ಲವೆಂದು ಮಗ ಒಪ್ಪಿಕೊಂಡ. ಮೂರನೇ ಇಯತ್ತೆ ಓದಿದವಳು ನಾನು. ಖುಷಿ ತಡೆಯಲಾರದೆ ಬರೆಯಲು ಕುಳಿತಿದ್ದೇನೆ. ಆದರೆ ಪಟ್ಟ ಪಾಡು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಮಳೆಗಾಲ ಸರಿಯುವಾಗ ಕಪ್ಪು ಮೈಮೇಲೆ ತಿಳಿನೀಲಿ ಚುಕ್ಕೆಯ ಪಾತರಗಿತ್ತಿಗಳು ಹಿಂಡುಗಟ್ಟಿ ಚಿಂಚೋಳಿ ಕಡೆಯ ನಮ್ಮ ಹೊಲದ ಮೇಲೆ ಹಾದುಹೋಗುತ್ತವೆ. ಸುತ್ತಲಿನ ಒಡ್ಡುಗಳಿಗೆಲ್ಲ ಎಣ್ಣೆ ಬಿದ್ದಿತ್ತು, ನಮ್ಮದೊಂದೇ ಉಳಿದಿತ್ತು. ಅವು ಇಲ್ಲಿ ಇಳಿಯುವುದನ್ನು ಫೋಟೊದಲ್ಲಿ ತೋರಿಸಿದರೆ ಒಡ್ಡು ಉಳಿಯುತ್ತದೆಂದು ಮೊಮ್ಮಗಳ ಹಟ. ಸೇಡಂ ಕಾಲೇಜಿನಿಂದ ಬಂದಾಗಲೆಲ್ಲ ಅಲ್ಲೇ ಬೋರಲು ಮಲಗುತ್ತಿದ್ದಳು. ಒಂದು ವರ್ಷ ಗಾಳಿ ಕೆಡಿಸಿತು. ಇನ್ನೊಂದು ವರ್ಷ ನನ್ನದೇ ನೆರಳು ಬಿದ್ದು ಎಲ್ಲ ಎದ್ದುಹೋದವು.

ಈ ಸಲ ಮಗ ಖಡಕ್ಕಾಗಿ ಹೇಳಿದ: "ಇದೊಂದ್ ಸಲ ನೋಡ್ತೀನವ್ವಾ. ಬರ್ಲಿಲ್ಲಂದ್ರ ಎಣ್ಣಿ ಹೊಡಿಯೋದೇ."

ಆಗ ನಾನು ಮಾಡಿದ್ದು ಕೇಳಿ. ಬೀಗರು ಬರುತ್ತಾರೆಂದರೆ ಅಂಗಳ ಸಾರಿಸುವ ಕೈ ಇದು. ಫೋಟೊ ಚಂದ ಬರಲೆಂದು ಒಡ್ಡಿನ ಕಸವನ್ನೆಲ್ಲ ಕಿತ್ತು ಗುಡ್ಡೆ ಹಾಕಿದೆ. ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಆ ಹಳದಿ ಹೂವಿನ ಗಿಡ ಒಂದನ್ನೂ ಬಿಡಲಿಲ್ಲ.

ಮೊಮ್ಮಗಳು ತಲೆ ಹಿಡಿದು ಕುಳಿತಳು. "ಆಯಿ, ಅವು ಇಳಿಯೋದೇ ಆ ಗಿಡಕ್ಕ! ಬೀಗರ ಮುಂದಿನ ತಾಟೇ ಎತ್ತಿ ಒಗದಂಗಾಯ್ತು."

"ನನಗೇನ್ ಗೊತ್ತವ್ವಾ? ಕಸ ಅಂತ ತಗದೆ."

"ನನ್ನ ಕೆಲ್ಸ ಹಗುರ ಮಾಡಿದಿ ಬಿಡವ್ವಾ," ಎಂದು ಮಗ ನಕ್ಕ. ಆ ನಗು ನನಗೆ ಚುಚ್ಚಿತು. ಎರಡು ದಿನ ಮೊಮ್ಮಗಳು ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ಆ ಹಾಳು ಗುಡ್ಡೆಗೆ ಬೆಂಕಿ ಹಚ್ಚಲು ಹೋದೆ. ಕಡ್ಡಿ ಗೀರಬೇಕು, ಗುಡ್ಡೆ ಉಸಿರಾಡಿದಂತೆ ಕಂಡಿತು. ಬಾಡಿದ ಕಡ್ಡಿ ಕಡ್ಡಿಗೂ ಪಾತರಗಿತ್ತಿ! ನೆರಳು ಬೀಳದಂತೆ ಹಿಂದೆ ಹಿಂದೆ ಸರಿದು ಮೊಮ್ಮಗಳನ್ನು ಕರೆತರಲು ಮನೆಗೆ ಓಡಿದೆ.

"ಬಾಡಿದ ಗಿಡದ ರಸಾನೂ ಹೀರಾಕತ್ತಾವ, ಆಯಿ!" ಮೊಮ್ಮಗಳು ಪಿಸುಗುಟ್ಟುತ್ತಲೇ ಫೋಟೊ ಹೊಡೆದಳು. ಮಗ ಸಪ್ಪಳವಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ. "ಇಷ್ಟ್ ಮಂದಿ ಬಂದ್ರ ಹೆಂಗ್ ಹೊರಗ ಹಾಕೋದು? ಈ ಒಡ್ಡು ಅವುಕ್ಕೇ ಇರ್ಲಿ," ಎಂದ.

ಸಂಜೆ ಎಲ್ಲರೂ ಒಟ್ಟಿಗೆ ಕುಳಿತೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಮುಂದಿನ ವರ್ಷ ಗಿಡ ಕೀಳಬ್ಯಾಡ ಆಯಿ," ಎಂದಳು ಮೊಮ್ಮಗಳು.

"ಎರಡು ಕೀಳ್ತೀನಿ, ನಾಕು ಬಿಡ್ತೀನಿ."

ಅವಳು ನಕ್ಕು ನನ್ನ ತಾಟಿನಿಂದಲೇ ರೊಟ್ಟಿ ಮುರಿದುಕೊಂಡಳು, ಪೂರ್ತಿ ತಿಂದಳು.