ಕೈ ಎತ್ತಿದ ಶನಿವಾರ

ಮಗಳು ಹಾಸ್ಟೆಲ್ ಸೇರಿದ ವರ್ಷ, ನನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ದೂರಶಿಕ್ಷಣದ ಗಣಿತ ಎಂ.ಎಸ್ಸಿ.ಗೆ ಸೇರಿಕೊಂಡೆ. ಮದುವೆಯಿಂದಾಗಿ ಬಿ.ಎಸ್ಸಿ.ಗೇ ನಿಂತಿದ್ದ ಓದು. ಪುಸ್ತಕ ಹುಡುಕಿಕೊಂಡು ಅವೆನ್ಯೂ ರಸ್ತೆಗೆ ಹೋದಾಗ ಅಂಗಡಿಯವರು, "ಮಗನಿಗಾ ಮೇಡಂ?" ಎಂದರು. "ಹೌದು" ಎಂದುಬಿಟ್ಟೆ. ನನಗೆ ಮಗನೇ ಇಲ್ಲ.

ಶನಿವಾರ ಮಧ್ಯಾಹ್ನ ಚಾಮರಾಜಪೇಟೆಯಲ್ಲಿ ತರಗತಿ. ಹದಿನಾಲ್ಕು ಜನರಲ್ಲಿ ಹೆಂಗಸು ನಾನೊಬ್ಬಳೇ. ಒಳ್ಳೆಯ ಹುಡುಗರೇ, "ಬನ್ನಿ ಆಂಟಿ, ಕೂತ್ಕೊಳ್ಳಿ" ಎಂದು ಜಾಗ ಬಿಡುತ್ತಿದ್ದರು. ಲೆಕ್ಕದ ಮಾತು ಬಂದರೆ ಮಾತ್ರ ಆ ಕಡೆ ತಿರುಗಿಕೊಳ್ಳುತ್ತಿದ್ದರು. ಅವರೆಲ್ಲ ಟೀ ಕುಡಿಯಲು ಹೋದಾಗ ಖಾಲಿ ಕೋಣೆಯಲ್ಲಿ ನೋಟ್ಸ್ ತಿರುವುತ್ತ ಕೂತಿರುತ್ತಿದ್ದೆ.

ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಪ್ರಮೇಯವೊಂದನ್ನು ಸಾಧಿಸುತ್ತ ಸಮೀಕರಣದ ಎರಡೂ ಕಡೆಯನ್ನು ಒಂದೇ ಸಂಖ್ಯೆಯಿಂದ ಭಾಗಿಸಿದರು. ಆ ಸಂಖ್ಯೆ ಸೊನ್ನೆಯಾಗಿದ್ದರೆ? ಸೊನ್ನೆಯಿಂದ ಭಾಗಿಸುವಂತಿಲ್ಲವಲ್ಲ! ನನಗೆ ತಕ್ಷಣ ಹೊಳೆಯಿತು. ಆದರೆ ಇಷ್ಟು ಸಣ್ಣದು ಅವರಿಗೆ ಗೊತ್ತಿರುವುದಿಲ್ಲವೇ, ನಾನೇ ಏನೋ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ಸುಮ್ಮನಾದೆ.

ಎರಡು ನಿಮಿಷ ಕಳೆದು ಹಿಂದಿನ ಬೆಂಚಿನವನೊಬ್ಬ, "ಸರ್, ಅದು ಸೊನ್ನೆ ಆಗ್ಬಿಟ್ರೆ?" ಎಂದ.

"ವೆರಿ ಗುಡ್! ಯಾರಾದ್ರೂ ಕೇಳ್ತೀರೇನೋ ಅಂತ ಕಾಯ್ತಾ ಇದ್ದೆ," ಎಂದರು ಮೇಷ್ಟ್ರು.

ತರಗತಿ ಮುಗಿದ ಮೇಲೆ ಅವರ ಹತ್ತಿರ ಹೋಗಿ, "ಸರ್, ನಂಗೂ ಅದು ಹೊಳೆದಿತ್ತು" ಎಂದೆ. ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

"ಹಾಗಾದ್ರೆ ಹೇಳ್ಬೇಕಿತ್ತಲ್ಲಮ್ಮಾ," ಎಂದು ಅವರು ಡಸ್ಟರ್ ಎತ್ತಿಕೊಂಡರು.

ಮುಂದಿನ ಶನಿವಾರ ಕೈ ಎತ್ತಿದೆ. "ಸರ್, ಮೂರನೇ ಸಾಲು ಸರಿಯಿಲ್ಲ ಅನ್ಸುತ್ತೆ."

ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರು ಆ ಸಾಲನ್ನು ಮತ್ತೊಮ್ಮೆ ಓದಿ, "ಸರಿ ಇದೆ, ನೋಡಿ" ಎಂದು ವಿವರಿಸಿದರು. ತಪ್ಪು ನನ್ನದೇ. ಯಾರೂ ನಗಲಿಲ್ಲ. ಪಾಠ ಮುಂದೆ ಹೋಯಿತು. ಕಿವಿ ಬಿಸಿಯಾಗಿತ್ತು, ಆದರೂ ಅರ್ಧ ಗಂಟೆಯೊಳಗೆ ಇನ್ನೊಂದು ಪ್ರಶ್ನೆ ಕೇಳಿದೆ.

ಗವಿಪುರದ ಮನೆಗೆ ನಡೆದೇ ಬಂದೆ. ಯಾರಿಗಾದರೂ ಹೇಳಬೇಕು, ಈಗಲೇ ಹೇಳಬೇಕು ಎನಿಸುತ್ತಿತ್ತು. ಮಗಳು ಫೋನ್ ಎತ್ತಲಿಲ್ಲ. ಗಂಡ ಟೀವಿ ಮುಂದಿದ್ದರು.

"ರೀ, ಇವತ್ತು ಕ್ಲಾಸಲ್ಲಿ ಎಲ್ಲರ ಎದುರಿಗೆ ತಪ್ಪು ಹೇಳ್ದೆ," ಎಂದೆ, ನಗುತ್ತ.

ಅವರು ಟೀವಿಯ ಸದ್ದು ಕಡಿಮೆ ಮಾಡಿದರು. "ಹೋಗ್ಲಿ ಬಿಡು, ಬೇಜಾರ್ ಮಾಡ್ಕೋಬೇಡ. ಈ ವಯಸ್ಸಲ್ಲಿ ಇದೆಲ್ಲಾ ಕಷ್ಟಾನೇ."

ಪ್ರೀತಿಯಿಂದಲೇ ಹೇಳಿದರು. ನಾನು ಹೇಳಲು ಬಂದದ್ದು ಸಂತೋಷದ ಸುದ್ದಿ ಎಂದು ಅವರಿಗೆ ಹೇಗೆ ತಿಳಿಸುವುದೋ ಗೊತ್ತಾಗಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಿಟ್ಟೆ.

ತರಗತಿಯಲ್ಲಿ ಪ್ರಶ್ನೆ ಕೇಳುವುದು ಆಮೇಲೆ ರೂಢಿಯಾಯಿತು. ಮನೆಯಲ್ಲಿ ಮಾತ್ರ ಅದರ ಸುದ್ದಿ ತೆಗೆಯಲಿಲ್ಲ.