ಮುನಿಯಮ್ಮನವರ ಬಿ.ಎ. ಪರೀಕ್ಷೆ

ಪ್ರಶ್ನೆಪತ್ರಿಕೆ ಕೈಗೆ ಬಂದು ಸ್ವಲ್ಪ ಹೊತ್ತಿಗೆ ಪಕ್ಕದ ಬೆಂಚಿನಲ್ಲಿದ್ದ ಹೆಂಗಸು ಅಳತೊಡಗಿದರು. ತೊಂಬತ್ತರ ದಶಕದ ಮಾತು. ಹೊಸಕೋಟೆಯಲ್ಲಿ ನಾನು ಮುಕ್ತ ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆ ಬರೆಯುತ್ತಿದ್ದೆ. ಆಕೆಗೆ ನನ್ನ ತಾಯಿಯ ವಯಸ್ಸು. ಮೇಲ್ವಿಚಾರಕರು ಗಾಬರಿಯಿಂದ ಬಂದು, "ಯಾಕಮ್ಮಾ, ಹುಷಾರಿಲ್ವಾ?" ಎಂದು ಕೇಳಿದರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಏನಿಲ್ಲ ಸಾರ್. ಮಂಡಲ ಪಂಚಾಯ್ತಿ ಏನೇನು ಕೆಲ್ಸ ಮಾಡ್ತಿತ್ತು ಅಂತ ಕೇಳವ್ರೆ. ನಾನು ಮೆಂಬರಾಗಿ ಮಾಡಿದ್ದೇ ಅದು" ಎಂದರು. ಆಮೇಲೆ ಬರೆಯಲು ಬಗ್ಗಿಸಿದ ತಲೆಯನ್ನು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ.

ಹೊರಗೆ ಬಂದ ಮೇಲೆ ನಾನೇ ಮಾತಾಡಿಸಿದೆ. ಹೆಸರು ಮುನಿಯಮ್ಮ, ಸೂಲಿಬೆಲೆ ಕಡೆಯವರು. ಓದಿದ್ದು ನಾಲ್ಕನೇ ಕ್ಲಾಸು. ಕಾಲೋನಿಗೆ ಕುಡಿಯುವ ನೀರು ಬೇಕೆಂದು ಸಭೆಯಲ್ಲಿ ಒಬ್ಬರೇ ನಿಂತು ವಾದಿಸಿ, ಬೋರ್‌ವೆಲ್ ಹಾಕಿಸಿದವರು. ಹೈಸ್ಕೂಲು ಓದದಿದ್ದರೂ ವಯಸ್ಸು ನೋಡಿ, ಪ್ರವೇಶ ಪರೀಕ್ಷೆ ಬರೆಸಿ ಬಿ.ಎ.ಗೆ ಸೇರಿಸಿಕೊಳ್ಳುತ್ತಾರೆಂದು ತಿಳಿದ ಮೇಲೆ ಪುಸ್ತಕ ಹಿಡಿದಿದ್ದರು.

ಮುಂದೊಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು, "ಡಿಗ್ರಿ ಬಂತು ಕಣಪ್ಪಾ! ಸಭೇಲಿ ನನ್ನ ಓದಿಲ್ಲದೋಳು ಅಂತ ಬಾಯಿ ಮುಚ್ಚಿಸಕ್ಕೆ ಬಂದಿದ್ರಲ್ಲ, ಅವ್ರೇ ಬಂದು ಹಾರ ಹಾಕಿದ್ರು" ಎಂದು ನಕ್ಕರು.

ಅದಾದ ಮೇಲೆ ಎಷ್ಟೋ ಪದವೀಧರರನ್ನು ನೋಡಿದ್ದೇನೆ. ಮೊದಲು ಬಾಳಿ ಕಲಿತು, ಆಮೇಲೆ ಅದನ್ನೇ ಓದಿ ಪಾಸಾದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.